ಎರಡು ಚಾಪೆ, ಒಂದು ಇಂಜಿನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಂಗಾರಪೇಟೆ ಸ್ಟೇಷನ್ನಿನ ಹಿಂದಿರುವ ಹಂಚಿನ ಮನೆಯ ಜಗಲಿಯ ಮೇಲೆ ಕದಿರಮ್ಮ ಪೊರಕೆ ಹಿಡಿದು ನಿಂತಿದ್ದಾರೆ. ಗುಡಿಸುತ್ತಿಲ್ಲ. ಜಗಲಿಯ ಒಂದು ತುದಿಯಲ್ಲಿ ಡ್ರೈವರ್ ಕುಪ್ಪುಸ್ವಾಮಿ ಗೊರಕೆ ಹೊಡೆಯುತ್ತಿದ್ದಾರೆ. ಅವರ ಪಕ್ಕದಲ್ಲಿ ಫೈರ್‌ಮನ್ ಚಿಕ್ಕಮುನಿಯಪ್ಪನ ಚಾಪೆ ಇರಬೇಕಿತ್ತು, ಇಲ್ಲ. ಅದು ಅಂಗಳದ ಆಚೆ ಹೊಂಗೆಮರದ ಬುಡದಲ್ಲಿ ಬಿದ್ದಿದೆ. ಅದರ ಮೇಲೆ ಕಂಬಳಿ ಮುಸುಕು ಹಾಕಿಕೊಂಡಿರುವ ಹುಡುಗ ಬೇಕೆಂದೇ ಜಗಲಿಯ ಕಡೆ ಬೆನ್ನು ಮಾಡಿ ಮಲಗಿದ್ದಾನೆ.

"ನೋಡಿದ್ರಾ ಸ್ವಾಮಿ, ಚಾಪೆ ಎಲ್ಲೈತೆ?" ಎಂದು ಕದಿರಮ್ಮ ಪಿಸುಗುಟ್ಟುತ್ತಾರೆ.

"ಮರದ ಕೆಳಗೆ ಗಾಳಿ ಚೆನ್ನಾಗಿರುತ್ತೆ ಅಂತ ಹೋಗಿರಬಹುದು" ಎನ್ನುತ್ತೇನೆ.

"ಈ ಚಳೀಲಾ? ಅಲ್ಲು ಕಟಕಟಾ ಅಂತಾವೆ, ಇವ್ನಿಗೆ ಗಾಳಿ ಬೇಕಿತ್ತಾ? ಮಾತು ಬಿಟ್ಟವ್ರೆ ಸ್ವಾಮಿ. ಇಬ್ರೂ ಮಾತು ಬಿಟ್ಟವ್ರೆ."

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ಡ್ರೈವರ್ ಫೈರ್‌ಮನ್ನರದೂ ಹಾಗೇ ಇರಬಹುದು ಎಂದು ನಾನು ನಗೆಯಾಡುತ್ತೇನೆ. ಕದಿರಮ್ಮ ನಗುವುದಿಲ್ಲ. "ಇವ್ರು ಉಂಡ್ರು, ಮಲಗಿದ್ರು. ಜಗಳ ಮಾತ್ರ ಎದ್ದು ಕುಂತೈತೆ" ಎನ್ನುತ್ತಾರೆ. ಈ ಇಬ್ಬರು ಇನ್ನು ಸ್ವಲ್ಪ ಹೊತ್ತಿನಲ್ಲಿ ಓಡಿಸಲಿರುವ ಗಾಡಿಯಲ್ಲೇ ನಾನು ಉರಿಗಾಂಗೆ ಹೋಗಬೇಕು ಎಂಬುದು ಆಗ ನೆನಪಾಗಿ ನನ್ನ ನಗೆಯೂ ನಿಂತುಹೋಗುತ್ತದೆ.

ನಿಜ ಹೇಳಬೇಕೆಂದರೆ ನಾನು ಬೆಂಗಳೂರಿನಿಂದ ಹೊರಟದ್ದು ಉರಿಗಾಂ ಚಿನ್ನದ ಗಣಿಯ ಕೂಲಿಯೊಬ್ಬನ ಬಗ್ಗೆ ಪೇಪರಿಗೆ ಬರೆಯಲು. ಇಲ್ಲಿಗೆ ಬರುವಷ್ಟರಲ್ಲಿ ರಾತ್ರಿಯ ಉರಿಗಾಂ ಗಾಡಿ ತಪ್ಪಿತು. ಸ್ಟೇಷನ್ನಿನವರು, "ಕದಿರಕ್ಕನ ಮನೆಗೆ ಹೋಗಿ, ಗಾಡಿಯವರೆಲ್ಲ ಅಲ್ಲೇ ಇಳಿಯೋದು" ಎಂದು ಬೆರಳು ತೋರಿಸಿದರು. ಊರಿಂದೂರಿಗೆ ಗಾಡಿ ಓಡಿಸುವವರು ದುಡಿಮೆ ಮುಗಿದ ಊರಿನಲ್ಲಿ ಉಂಡು, ಮಲಗಿ, ಮರುದಿನ ಮತ್ತೆ ಇಂಜಿನ್ ಹತ್ತಬೇಕಲ್ಲ; ಬಂಗಾರಪೇಟೆಯಲ್ಲಿ ಅವರ ಬಿಡಾರ ಈ ಜಗಲಿ.

ಅವರಿಗೆ ಬೇರೆ ಗತಿಯಿಲ್ಲ ಎಂದಲ್ಲ. ಪೇಟೆಯಲ್ಲಿ ಎರಡು ಹೋಟೆಲುಗಳಿವೆ. ಆದರೆ ಗಾಡಿಯವರಷ್ಟು ನಾಜೂಕಿನ ಅತಿಥಿಗಳು ಅರಮನೆಯಲ್ಲೂ ಸಿಗಲಾರರು. ಜೋಲಾರಪೇಟೆಯಲ್ಲಿ ಸಾರು ತಿಳಿ, ಬೆಂಗಳೂರಿನಲ್ಲಿ ತಿಗಣೆ ದಪ್ಪ ಎಂದು ಅವರು ಒಂದೊಂದು ಊರಿಗೂ ಒಂದೊಂದು ಬಿರುದು ಕೊಟ್ಟಿದ್ದಾರೆ. ಡ್ರೈವರಿಗೆ ಗೋಡೆ ಮಗ್ಗುಲು ಬೇಕು. ಫೈರ್‌ಮನ್ನಿಗೆ ಮಸಿ ತೊಳೆಯಲು ಬಿಸಿನೀರು ಧಾರಾಳ ಬೇಕು. ಗಾರ್ಡ್ ಶ್ರೀನಿವಾಸಪ್ಪನವರು ಮೈಲುಗಟ್ಟಲೆ ದೂರದಿಂದ ತಮ್ಮದೇ ತಲೆದಿಂಬು ಹೊತ್ತು ತರುತ್ತಾರೆ, ಅದನ್ನು ಬೇರೆಯವರು ಮುಟ್ಟಿದರೆ ಅಂದು ಊಟ ಬಿಡುತ್ತಾರೆ. ಇಷ್ಟೆಲ್ಲ ಬಿಂಕದವರು ಕದಿರಮ್ಮನ ಬಾಯಿಯ ಬೈಗುಳ ಸಹಿಸಿಕೊಂಡು ಇಲ್ಲಿಗೇ ಬರುತ್ತಾರೆ. ಯಾಕೆ ಎಂದು ಶ್ರೀನಿವಾಸಪ್ಪನವರನ್ನು ಕೇಳಿದರೆ, "ಅಕ್ಕ ಬೈದು ಉಣ್ಣಿಸ್ತಾಳೆ. ಹೋಟೆಲ್‌ನವರು ಬೈಯಲ್ಲ, ಆದರೆ ನಾವು ಉಂಡೆವಾ ಇಲ್ಲವಾ ಅಂತಾನೂ ನೋಡಲ್ಲ" ಎನ್ನುತ್ತಾರೆ.

ಕದಿರಮ್ಮ ಕ್ಯಾಸಂಬಳ್ಳಿ ಕಡೆಯ ರೈತರ ಮನೆಯ ಹೆಣ್ಣು. ಜರ್ಮನ್ ಯುದ್ಧ ಮುಗಿದ ವರ್ಷ ಮದುವೆಯಾಗಿ ಈ ಮನೆಗೆ ಬಂದರು. ಗಂಡ ಆಂಜಿನಪ್ಪ ಆಗ ಫೈರ್‌ಮನ್. ಈಗ ಆತ ಒಲೆಯ ಪಕ್ಕ ಕುಳಿತು ಈರುಳ್ಳಿ ಹೆಚ್ಚುತ್ತಿದ್ದಾರೆ. ಗೋಡೆಗೆ ಒಂದು ಊರುಗೋಲು ಒರಗಿದೆ. ಅವರ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ.

ಇಂಜಿನ್ ಬಲ್ಲವರಿಗೆ ಇದು ಗೊತ್ತಿರುವ ಸಂಗತಿ, ನನಗೆ ಗೊತ್ತಿರಲಿಲ್ಲ. ಗಾಡಿ ಹೊರಡುವ ಮೊದಲು ಇಂಜಿನ್ನನ್ನು ಹಳಿಗಳ ನಡುವೆ ತೋಡಿದ ಬೂದಿಗುಂಡಿಯ ಮೇಲೆ ನಿಲ್ಲಿಸುತ್ತಾರೆ. ಫೈರ್‌ಮನ್ ಆ ಗುಂಡಿಗೆ ಇಳಿದು, ಚಕ್ರಗಳ ನಡುವೆ ತೂರಿಕೊಂಡು, ಹಳೆಯ ಬೂದಿಯನ್ನು ಕೆರೆದು ತೆಗೆಯುತ್ತಾನೆ. ಮೇಲೆ ನಿಂತ ಡ್ರೈವರಿಗೆ ಕೆಳಗಿನವನು ಕಾಣುವುದಿಲ್ಲ. ಹಾಗಾಗಿ ಇಳಿಯುವ ಮುಂಚೆ "ಇಳೀತಿದೀನಿ" ಎಂದು ಕೂಗಬೇಕು, ಮೇಲಿನವನು "ಇಳಿ" ಎನ್ನಬೇಕು. ಹೊರಗೆ ಬಂದ ಮೇಲೆ "ಬಂದೆ" ಎನ್ನಬೇಕು. ಅವರಿಬ್ಬರ ನಡುವೆ ಇರುವುದು ಈ ಕೂಗು ಮಾತ್ರ.

"ನಮ್ಮ ಡ್ರೈವರ್‌ಗೂ ನಂಗೂ ಬೀಡಿ ವಿಚಾರಕ್ಕೆ ಮಾತು ಬಿಟ್ಟೋಗಿತ್ತು" ಎನ್ನುತ್ತಾರೆ ಆಂಜಿನಪ್ಪ, ಈರುಳ್ಳಿಯಿಂದ ತಲೆಯೆತ್ತದೆ. "ಬೀಡಿ ವಿಚಾರಕ್ಕೆ, ಸ್ವಾಮಿ. ನಾನ್ಯಾಕೆ ಮೊದ್ಲು ಬಾಯಿ ಬಿಡ್ಲಿ ಅಂತ ಯೇಳದೆ ಇಳ್ದೆ. ಅವ್ನು ನಾನು ನೀರು ತರಕ್ಕೆ ಓಗಿದೀನಿ ಅಂದ್ಕೊಂಡ. ಮೊಳ ದೂರ ಸರಿಸ್ದ, ಅಷ್ಟೆ."

ಆ ಡ್ರೈವರ್ ಆಮೇಲೆ ಇಂಜಿನ್ ಹತ್ತಲಿಲ್ಲವಂತೆ. ಕದಿರಮ್ಮ ಸಂಸಾರ ನಡೆಸಲು ಜಗಲಿಯಲ್ಲಿ ಊಟ ಹಾಕತೊಡಗಿದ್ದು ಆಗ. ಮೊದಲು ಇಬ್ಬರಿಗೆ, ಈಗ ದಿನಕ್ಕೆ ಹತ್ತು ಹನ್ನೆರಡು ಜನಕ್ಕೆ. ಮುದ್ದೆ ತಿರುವಿ ತಿರುವಿ ಅಂಗೈ ಗಟ್ಟಿಯಾಗಿದೆ. ಆದರೆ ಆಕೆಯ ನಿಜವಾದ ಕೆಲಸ ಅಡಿಗೆಯಲ್ಲ ಎಂದು ನನಗೆ ಈ ಬೆಳಿಗ್ಗೆ ಅನಿಸುತ್ತಿದೆ. ಒಂದೇ ಇಂಜಿನ್ನಿನ ಇಬ್ಬರು ಒಂದೇ ಕಡೆ ಚಾಪೆ ಹಾಸಿದ್ದಾರೆಯೇ ಎಂದು ನೋಡುವುದು, ಹಾಸದಿದ್ದರೆ ಬೆಳಗಾಗುವುದರೊಳಗೆ ಹೇಗಾದರೂ ಅವರ ಬಾಯಿ ಬಿಡಿಸುವುದು, ಇದು ಆಕೆಯ ಕೆಲಸ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಯಾರೂ ಕೇಳಿಯೂ ಇಲ್ಲ.

ಅದಕ್ಕೆ ಆಕೆಯ ಉಪಾಯವೊಂದಿದೆ. ಬುತ್ತಿ ಕಟ್ಟುವಾಗ ಡ್ರೈವರಿಗೂ ಫೈರ್‌ಮನ್ನಿಗೂ ಒಂದೇ ಕ್ಯಾರಿಯರ್. ಮೇಲಿನ ಡಬ್ಬಿ ಒಬ್ಬನದು, ಕೆಳಗಿನದು ಇನ್ನೊಬ್ಬನದು, ಹಿಡಿ ಒಂದೇ. ಎಂಜಲಿಲ್ಲ, ಜಾತಿಯ ತಕರಾರಿಲ್ಲ. ಆದರೆ ಮೇಲಿನವನು ತೆಗೆಯದೆ ಕೆಳಗಿನವನು ಉಣ್ಣುವಂತಿಲ್ಲ. ಹಸಿವಾದಾಗ "ತೆಗಿಯಪ್ಪಾ" ಎಂದಾದರೂ ಅನ್ನಲೇಬೇಕು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಇಂದು ಆ ಉಪಾಯ ಕೈಕೊಟ್ಟಿದೆ. ಕುಪ್ಪುಸ್ವಾಮಿ ಎದ್ದು, ಮುಖ ತೊಳೆದು, ಕ್ಯಾರಿಯರ್ ಕಡೆ ನೋಡಿ, ತಮ್ಮ ಡಬ್ಬಿಯನ್ನು ಮಾತ್ರ ಬಿಚ್ಚಿ ಟವೆಲಿನಲ್ಲಿ ಕಟ್ಟಿಕೊಂಡು ಹೊರಟೇಬಿಟ್ಟರು. ಚಿಕ್ಕಮುನಿಯಪ್ಪ ತನ್ನ ಡಬ್ಬಿಯನ್ನು ಮುಟ್ಟಲೂ ಇಲ್ಲ.

"ಲೇ ಮುನಿಯಾ, ಏನ್ಲಾ ಆಯ್ತು ನಿಮ್ಗೆ?" ಎಂದು ಕದಿರಮ್ಮ ಹಿಂದೆ ಓಡುತ್ತಾರೆ.

"ಮಾರಿಕುಪ್ಪದ ಪ್ಲಾಟ್‌ಫಾರಂನಾಗೆ ಎಲ್ರೆದ್ರಿಗೆ ನಮ್ಮವ್ವನ್ನ ಎತ್ತಿ ಬೈದ್ನಕ್ಕಾ. ಒಗೆ ಜಾಸ್ತಿ ಬಂತಂತೆ. ಕೆಟ್ಟ ಕಲ್ಲಿದ್ದಲು ಕೊಟ್ರೆ ನಾನೇನು ಮಾಡ್ಲಿ? ಕೆಲ್ಸ ಮಾಡ್ತೀನಿ. ಮಾತಾಡಲ್ಲ."

"ಬೈದಿದ್ದು ತಪ್ಪೇ. ಅದನ್ನ ಆಮೇಲೆ ಕೇಳಾನ. ಗುಂಡಿಗೆ ಇಳಿಯಕ್ಕೆ ಮುಂಚೆ ಮಾತ್ರ ಯೇಳೋ ನಮ್ಮಪ್ಪಾ."

ಅವನು ಇಂಜಿನ್ನಿನ ಕಡೆ ದಾಪುಗಾಲು ಹಾಕುತ್ತಾನೆ. ಕದಿರಮ್ಮ ಅವನ ಹಿಂದೆ, ನಾನು ಕದಿರಮ್ಮನ ಹಿಂದೆ. ನನ್ನ ಕೈಯಲ್ಲಿ ಆ ಅನಾಥ ಡಬ್ಬಿ, ಕ್ಯಾರಿಯರಿನ ಹಿಡಿಯ ಸಮೇತ, ಹೇಗೆ ಬಂತೋ ತಿಳಿಯದು.

ಇಂಜಿನ್ ಆಗಲೇ ಬೂದಿಗುಂಡಿಯ ಮೇಲೆ ಬುಸುಗುಡುತ್ತಿದೆ. ಕುಪ್ಪುಸ್ವಾಮಿ ಮೇಲೆ ನಿಂತು ಗಡಿಯಾರ ನೋಡುತ್ತಿದ್ದಾರೆ. ದೂರದಲ್ಲಿ ಶ್ರೀನಿವಾಸಪ್ಪನವರು ಹಸಿರು ಬಾವುಟ ಕಂಕುಳಲ್ಲಿಟ್ಟುಕೊಂಡು ಶತಪಥ ಹಾಕುತ್ತಿದ್ದಾರೆ. ಚಿಕ್ಕಮುನಿಯಪ್ಪ ಉದ್ದನೆಯ ಕಬ್ಬಿಣದ ಸಲಾಕೆ ತೆಗೆದುಕೊಂಡ. ಒಂದು ಸಲ ಮೇಲೆ ನೋಡಿದ. ಬಾಯಿ ಬಿಡಲಿಲ್ಲ. ಬಗ್ಗಿ, ಚಕ್ರದ ಹಿಂದೆ ಮಾಯವಾದ.

ನಾನು ಡಬ್ಬಿಯನ್ನು ಎದೆಗೆ ಅವಚಿಕೊಳ್ಳುತ್ತೇನೆ. ಓದುಗರು ನಗಬಹುದು, ಬೆಳಿಗ್ಗೆ ನಾನೂ ನಕ್ಕಿದ್ದೆ. ಮೇಲೆ ಕುಪ್ಪುಸ್ವಾಮಿಯ ಕೈ ಒಂದು ಹಿಡಿಯ ಕಡೆಗೆ ಚಾಚುತ್ತದೆ. ಅದು ಯಾವ ಹಿಡಿಯೋ ನನಗೆ ತಿಳಿಯದು, ಕದಿರಮ್ಮನಿಗೆ ತಿಳಿಯುತ್ತದೆ. ಆಕೆ ಇಂಜಿನ್ನಿನ ಮೆಟ್ಟಿಲು ಹತ್ತಿ ನಿಂತು ಕಿರುಚುತ್ತಾರೆ.

"ಅಣ್ಣಾ! ಕೈ ತೆಗಿ! ಉಡ್ಗ ಕೆಳಗವ್ನೆ!"

ಕುಪ್ಪುಸ್ವಾಮಿಯ ಕೈ ಅಲ್ಲೇ ನಿಲ್ಲುತ್ತದೆ. ಮುಖದ ಬಣ್ಣ ಹೋಗಿದೆ. ಆದರೂ ಬಿಂಕ ಬಿಡಬೇಕಲ್ಲ. "ಏಮ್ಮಾ, ಅವನುಕ್ಕು ವಾಯ್ ಇಲ್ಲೆಯಾ? ಬಾಯಿ ಇಲ್ವಾ ಅವನಿಗೆ?"

"ಅವ್ನಿಗಿಲ್ದಿದ್ರೆ ನಿಂಗಿಲ್ವಾ? ಬೈಯಕ್ಕಿತ್ತಲ್ಲ ನಿನ್ನೆ! ನಮ್ಮನೇಲಿ ಒಬ್ರು ಈರುಳ್ಳಿ ಎಚ್ತಾ ಕುಂತವ್ರೆ, ಅವ್ರಿಗೂ ಆವತ್ತು ಬಾಯಿ ಇತ್ತು. ಇನ್ನೊಬ್ರಿಗೆ ಮುದ್ದೆ ತಿರುವಿ ಆಕಕ್ಕೆ ನನ್ ಕೈಲಿ ಆಗಲ್ಲಣ್ಣಾ!" ಇಷ್ಟು ಹೇಳಿ ಕದಿರಮ್ಮ ಅಳತೊಡಗುತ್ತಾರೆ. ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವುದಿಲ್ಲ. ಹಾಗೇ ಮೆಟ್ಟಿಲ ಮೇಲೆ ನಿಂತು, ಅವರನ್ನೇ ನೋಡುತ್ತ ಅಳುತ್ತಾರೆ.

ಕುಪ್ಪುಸ್ವಾಮಿ ಬ್ರೇಕನ್ನು ಇನ್ನೊಮ್ಮೆ ಬಿಗಿದರು. ಆಮೇಲೆ ಹೊರಗೆ ಬಗ್ಗಿ ಚಕ್ರದ ಕಡೆಗೆ ಕೂಗಿದರು.

"ಡೇ, ಮುನಿಯಪ್ಪಾ! ಕೆಳಗೆ ಇದ್ದೀಯಾ?"

ಕೆಳಗಿನಿಂದ ಉತ್ತರವಿಲ್ಲ. ಸಲಾಕೆಯ ಸದ್ದೂ ಇಲ್ಲ. ಡ್ರೈವರ್ ಮತ್ತೆ ಕೂಗಿದರು, ಈ ಸಲ ಧ್ವನಿಯಲ್ಲಿ ಬಿಂಕದ ಲವಲೇಶವೂ ಇರಲಿಲ್ಲ. "ತಂಬೀ! ಬೈದಿದ್ದು ನನ್ನದೇ ತಪ್ಪು. ಇದ್ದೀಯಾ ಅಂತ ಹೇಳಪ್ಪಾ!"

ಚಕ್ರದ ಹಿಂದಿನಿಂದ ಒಂದು ಬೂದಿ ಬಳಿದ ತಲೆ ಹೊರಗೆ ಬಂತು. ಹುಡುಗ ಮೇಲೆ ಹತ್ತಿ ನಿಂತ. ಕೆಲಸ ಅರ್ಧವೂ ಆಗಿಲ್ಲ. ಅವನು ಕದಿರಮ್ಮನನ್ನು ನೋಡಿದ, ಆಕೆಯ ಕಣ್ಣೀರು ನೋಡಿದ. ಆಮೇಲೆ ಸಲಾಕೆ ಹಿಡಿದು ಮತ್ತೆ ಗುಂಡಿಯ ಅಂಚಿಗೆ ಬಂದು, ಪ್ಲಾಟ್‌ಫಾರಂನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ.

"ಇಳೀತಿದೀನಿ ಅಣ್ಣಾ!"

"ಇಳಿ!"

ಆಗ ಕದಿರಮ್ಮ ಮೆಟ್ಟಿಲಿಂದ ಇಳಿದು, ಸೆರಗಿನಲ್ಲಿ ಮೂಗು ಒರೆಸಿಕೊಂಡು, ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು, ಡ್ರೈವರರ ಟವೆಲು ಬಿಚ್ಚಿಸಿ ಎರಡನ್ನೂ ಮತ್ತೆ ಒಂದೇ ಹಿಡಿಗೆ ಸಿಕ್ಕಿಸುತ್ತಾರೆ.

"ಪೇಪರ್‌ನಾಗೆ ಏನಾದ್ರೂ ಬರೀತೀರಾ ಸ್ವಾಮಿ?" ಎಂದು ಆಕೆ ಕೇಳುತ್ತಾರೆ. ನಿಮ್ಮ ಬಗ್ಗೆಯೇ ಬರೆಯುತ್ತೇನೆ ಎಂದರೆ ಕೈಯಾಡಿಸಿ ಬೇಡ ಎನ್ನುತ್ತಾರೆ. ಗೂಡ್ಸ್ ಶೆಡ್ಡಿನ ಆಚೆಗೆ ಗಾಡಿಯವರಿಗೆಂದು ಹೊಸ ಬಿಡಾರ ಏಳುತ್ತಿರುವುದನ್ನು ತೋರಿಸುತ್ತಾರೆ. ಯುಗಾದಿಗೆ ಮುಗಿಯುತ್ತದಂತೆ. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಕಬ್ಬಿಣದ ಮಂಚ, ಸೊಳ್ಳೆಪರದೆ. ಅಲ್ಲಿ ಅಡಿಗೆಗೆ ಬರಲು ಆಕೆಯನ್ನೂ ಕೇಳಿದ್ದಾರೆ.

"ಒಳ್ಳೇದೇ. ಮಂಚದ ಮೇಲೆ ಮಲಗ್ಲಿ, ದುಡಿದು ದಣ್ದಿರ್ತಾರೆ. ಆದ್ರೆ ಒಬ್ಬೊಬ್ರು ಒಂದೊಂದು ಬಾಗ್ಲು ಆಕ್ಕೊಂಡ್ರೆ, ಯಾರು ಯಾರ ಕೂಡ ಮಾತು ಬಿಟ್ಟವ್ರೆ ಅಂತ ನಂಗೆಂಗೆ ತಿಳೀತೈತೆ? ಮುಂದ್ಗಡೆ ಒಂದು ಉದ್ದನೆ ಜಗಲಿ ಕಟ್ಸಿ ಅಂತ ಬರೀರಿ. ಒಂದು ಇಂಜಿನ್ನವ್ರು ಇಬ್ರು ಮಲಗೋ ಅಷ್ಟು ಅಗಲ ಇದ್ರೆ ಸಾಕು."

ಬರೆದಿದ್ದೇನೆ. ಕಟ್ಟಿಸುವವರು ಓದುವರೋ ಇಲ್ಲವೋ ಎಂಬ ಆತಂಕ ನನಗಿದೆ.

ಗಾಡಿ ಸ್ವಲ್ಪ ತಡವಾಗಿ ಹೊರಡುತ್ತದೆ. ಸ್ಟೇಷನ್ ದಾಟಿದೊಡನೆ ಹಳಿಯ ಪಕ್ಕದಲ್ಲೇ ಆ ಹಂಚಿನ ಮನೆಯ ಬೇಲಿ. ಬೇಲಿಯ ಹತ್ತಿರ ಆಂಜಿನಪ್ಪ ಊರುಗೋಲಿನ ಮೇಲೆ ಭಾರ ಬಿಟ್ಟು, ಇಂಜಿನ್ನಿನ ಕಡೆ ಕತ್ತು ಚಾಚಿ ನಿಂತಿದ್ದಾರೆ. ಕೈಯಲ್ಲಿ ಇನ್ನೂ ಈರುಳ್ಳಿ ಹೆಚ್ಚುವ ಚಾಕು ಇದೆ. ಬೂದಿಗುಂಡಿಯ ಹತ್ತಿರ ಏನಾಯಿತೆಂದು ಅವರಿಗೆ ಯಾರೂ ಹೇಳಿಲ್ಲ. ಕಿಟಕಿಯಿಂದ ತಲೆ ಹಾಕಿ ಕೂಗಿ ಹೇಳೋಣ ಎಂದುಕೊಳ್ಳುತ್ತೇನೆ.

ಅಷ್ಟರಲ್ಲಿ ಇಂಜಿನ್ನಿನಿಂದ ಚಿಕ್ಕಮುನಿಯಪ್ಪ ಹೊರಗೆ ಬಾಗಿ ಕೂಗುತ್ತಾನೆ.

"ಯೇಳ್ಬುಟ್ಟೇ ಇಳ್ದೆ ಮಾವಾ!"