ಹೊಳೆಗೊಂದು ಚರಗ

ಫಲಕ ಕಂಡಲ್ಲಿ ನಿಂತು ಓದುವ ಚಟ ನನ್ನದು. ಪುಣೆಯಂಥ ಊರಿನಲ್ಲಿ ಈ ಚಟ ಹತ್ತಿದವನು ಯಾವ ಕೆಲಸಕ್ಕೂ ಹೊತ್ತಿಗೆ ಸರಿಯಾಗಿ ತಲುಪಲಾರ. ಇಲ್ಲಿಯ ಒಂದೊಂದು ಗೇಟೂ ಒಂದೊಂದು ಕಾಂಪೌಂಡೂ ದಾರಿಹೋಕನಿಗೆ ಏನಾದರೊಂದು ಉಪದೇಶ ಮಾಡದೆ ಬಿಡುವುದಿಲ್ಲ. ಓದುವುದಷ್ಟೇ ಅಲ್ಲ, ಓದಿದ್ದನ್ನು ಪಾಲಿಸುವ ದೌರ್ಬಲ್ಯವೂ ನನಗಿದೆ. ‘ಗಾಡಿ ನಿಲ್ಲಿಸಬಾರದು’ ಎಂದಿದ್ದರೆ ನಡೆದು ಹೋಗುವಾಗಲೂ ಅಲ್ಲಿ ನಿಲ್ಲದೆ ದಾಟುವ ಪ್ರಾಣಿ ನಾನು.

ನಮ್ಮ ಅಣ್ಣ ಇದಕ್ಕೆ ತದ್ವಿರುದ್ಧ. ವಿಜಯಪುರದ ಕಡೆಯಿಂದ ಬಂದು ಇಲ್ಲಿ ಅರಿವೆ ಅಂಗಡಿ ಇಟ್ಟ ಅವನಿಗೆ ಊರಿನ ಹೊಲ ತಪ್ಪಿದರೂ ಎಳ್ಳಮಾವಾಸ್ಯೆ ತಪ್ಪಿರಲಿಲ್ಲ. ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ಮಾಡಿದ ಅಡುಗೆಯನ್ನೆಲ್ಲ ತುಸುತುಸು ಬೆಳೆಯ ಮೇಲೆ ಎರಚಿ, ಆಮೇಲೆ ಅಲ್ಲೇ ಕೂತು ಉಣ್ಣುವುದು ನಮ್ಮ ಕಡೆಯ ಪದ್ಧತಿ. ಪುಣೆಯಲ್ಲಿ ಹೊಲವನ್ನು ಎಲ್ಲಿಂದ ತರುವುದು? ಅಣ್ಣ ಹೊಳೆದಂಡೆಯ ಸರಕಾರಿ ಉದ್ಯಾನವನ್ನೇ ನಮ್ಮ ಹೊಲವೆಂದು ಘೋಷಿಸಿಬಿಟ್ಟ. ಅಲ್ಲಿ ನೀರಿಗೆ ಬಾಗಿದ ಒಂದು ಅತ್ತಿಯ ಗಿಡ, ಗಿಡದ ಪಕ್ಕದಲ್ಲಿ ‘ಇಲ್ಲಿ ತಿಂಡಿ ತಿನ್ನಬಾರದು’ ಎಂಬ ಫಲಕ. ಸರಿಯಾಗಿ ಅದರ ಬುಡದಲ್ಲೇ ಜಮಖಾನ ಹಾಸಿ, “ನಾವು ತಿಂಡಿ ತಿನ್ನಲಿಕ್ಕೆ ಬಂದಿಲ್ಲೋ, ಊಟಕ್ಕ ಬಂದೀವಿ” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ. “ಹುಲ್ಲುಲ್ಲಿಗೋ!” ಎಂದು ಅವನು ಕೂಗಿ ಚರಗ ಚೆಲ್ಲಬೇಕು, “ಚಲ್ಲಂಬರಿಗೋ!” ಎಂದು ನಾನು ಹಿಂದಿನಿಂದ ಓಗೊಡಬೇಕು. ವ್ಯಾಯಾಮಕ್ಕೆ ಬಂದವರೆಲ್ಲ ನಿಂತು ನೋಡುತ್ತಿದ್ದರೆ, ಭೂಮಿತಾಯಿ ಬಾಯ್ತೆರೆದು ನನ್ನನ್ನು ನುಂಗಬಾರದೇ ಎನಿಸುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅಣ್ಣ ತೀರಿಕೊಂಡ. ನಕ್ಕರೆ ಓಣಿಗೆಲ್ಲ ಕೇಳಿಸುತ್ತಿದ್ದ ವೈನಿ, ಅಂದರೆ ಅವನ ಹೆಂಡತಿ, ಆಮೇಲೆ ಹೊಸ್ತಿಲು ದಾಟಲಿಲ್ಲ. ಗುಡಿಗೆ ಕರೆದರೂ ಇಲ್ಲ, ಮದುವೆಗೆ ಕರೆದರೂ ಇಲ್ಲ. ಕರೆಕರೆದು ಸೋತಿದ್ದ ನನ್ನ ಹೆಂಡತಿ ಎಳ್ಳಮಾವಾಸ್ಯೆಗೆ ಕೇಳಿದಾಗ ಮಾತ್ರ, “ಆ ಅತ್ತಿ ಗಿಡದ ತನಕಾ ಆದ್ರ ಬರ್ತೀನಿ” ಎಂದರು. ನಮಗಾದ ಸಂತೋಷವನ್ನು ಏನೆಂದು ಹೇಳಲಿ! ಆ ಸಂಭ್ರಮದಲ್ಲಿ, ಮೊದಲೊಮ್ಮೆ ಹೋಗಿ ನೋಡಿಕೊಂಡು ಬರುವ ಬುದ್ಧಿ ಯಾರಿಗೂ ಹೊಳೆಯಲಿಲ್ಲ. ಗಿಡವೇನು ಎದ್ದು ಹೋಗುತ್ತದೆಯೇ ಎಂದುಕೊಂಡಿದ್ದೆವು.

ಹೋಗಿ ನೋಡಿದರೆ ಗೇಟಿಗೆ ತಗಡು ಬಡಿದಿತ್ತು. ‘ದಂಡೆ ಕುಸಿದಿದೆ, ಉದ್ಯಾನ ಬಂದ್’ ಎಂಬ ಫಲಕವನ್ನು ಎರಡೆರಡು ಸಲ ಓದಿ, ಒಳಗೆ ಬಿಡಬೇಕೆಂದು ಕಾವಲುಗಾರನಿಗೆ ನನ್ನ ಕಚೇರಿಯ ಮರಾಠಿಯಲ್ಲಿ ನಿವೇದನೆ ಆರಂಭಿಸಿದೆ.

“ಸಾಕು ನಿಮ್ಮ ಭಾಷಣ, ಮೊದ್ಲ ಈ ಬುಟ್ಟಿ ಹಿಡೀರಿ” ಎಂದಳು ನನ್ನ ಹೆಂಡತಿ. ಕಾವಲುಗಾರನ ಮುಖ ಅರಳಿತು.

“ನಮ್ಮ ಕಡೆಯವ್ರೇನ್ರಿ? ಚರಗಾ ಚೆಲ್ಲಾಕ ಬಂದೀರೇನು? ನಮ್ದು ಯಾದಗಿರಿ ರೀ!”

ನಮ್ಮವನೇ ಸಿಕ್ಕನಲ್ಲ ಎಂದು ಹಿಗ್ಗಿದೆ. ಅವನು ತಲೆಯಲ್ಲಾಡಿಸಿದ. “ಒಳಗ ಬಿಡಾಕ ಬರಂಗಿಲ್ರಿ. ಮಳಿಗಾಲದಾಗ ಡ್ಯಾಮಿನ ನೀರು ಬಿಟ್ರಲ್ರಿ, ಆಗಿಂದ ದಂಡಿ ಜರಕೋಂತನ ಹೊಂಟದ. ಆ ಕಟ್ಟಿ ಮ್ಯಾಲ ನಿಂತ್ರ ಕಾಣಸ್ತದ, ನೋಡ್ರಿ.”

ರಸ್ತೆಯಂಚಿನ ಕಟ್ಟೆ ಹತ್ತಿ ನೋಡಿದೆವು. ಅತ್ತಿಯ ಗಿಡವಿದ್ದಲ್ಲಿ ನೀರಿತ್ತು. ನಡೆದಾಡುವ ಹಾದಿ ಅರ್ಧಕ್ಕೇ ಮುರಿದು ನಿಂತಿತ್ತು. ತಿಂಡಿ ತಿನ್ನಬಾರದೆಂಬ ಫಲಕವೊಂದು ಮಾತ್ರ ದಂಡೆಯ ತುದಿಯಲ್ಲಿ, ಹೊಳೆಗೇ ಬುದ್ಧಿ ಹೇಳುವಂತೆ ವಾಲಿಕೊಂಡಿತ್ತು. ವೈನಿ ಇನ್ನು ‘ಮನಿಗೆ ಹೋಗೂಣು’ ಎನ್ನುತ್ತಾರೆ, ಆ ಬಾಗಿಲು ಮತ್ತೆ ತೆರೆಯುವುದಿಲ್ಲ ಎಂದು ನನಗೆ ಭಾಳ ಹೆದರಿಕೆಯಾಯಿತು.

ಕೂಗುವುದು ಗಂಡಸರ ಕೆಲಸವೆಂಬುದು ರೂಢಿ. ಅಣ್ಣನಿಲ್ಲದ ಮೇಲೆ ಪಾಳಿ ನನ್ನದು. ಬಾಯಿ ತೆರೆದೆ. ಜನ್ಮವಿಡೀ ಬರೇ ಓಗೊಟ್ಟ ಗಂಟಲಿಗೆ ಮೊದಲು ಕೂಗುವುದು ಗೊತ್ತಿರಲಿಲ್ಲ. ಅಷ್ಟರಲ್ಲಿ ವೈನಿ ಬುಟ್ಟಿಗೆ ಕೈಹಾಕಿ ಒಂದು ಕಡುಬು ಎತ್ತಿಕೊಂಡರು.

“ನಮ್ಮ ಗಿಡಾ ನುಂಗಿ ಕೂತದ ಈ ಹೊಳಿ. ಬರೇ ಗಿಡಾ ತಿಂದ್ರ ಹೊಟ್ಟಿ ತುಂಬ್ತದೇನು? ಕಡಬೂ ತಿನ್ನಲಿ” ಎಂದವರೇ, ಅಣ್ಣನನ್ನೂ ಮೀರಿಸುವ ದನಿಯಲ್ಲಿ “ಹುಲ್ಲುಲ್ಲಿಗೋ!” ಎಂದು ಬೀಸಿ ಒಗೆದರು. ಕಡುಬು ಆ ಫಲಕಕ್ಕೆ ಬಡಿದು ನೀರಿಗೆ ಬಿತ್ತು.

“ಯಾಕಪಾ, ಬಾಯಾಗ ಏನರೆ ಇಟಗೊಂಡೀಯೇನು? ಓಗೊಡು!”

“ಚಲ್ಲಂಬರಿಗೋ!” ಎಂದೆ. ಕಣ್ಣು ತುಂಬಿತು. ಗೇಟಿನ ಬಳಿಯಿಂದ ಯಾದಗಿರಿಯವನೂ ದನಿಗೂಡಿಸಿದ. ವೈನಿ ನಕ್ಕರು, ರಸ್ತೆಯ ಆಚೆ ಬದಿಗೂ ಕೇಳಿಸಿರಬೇಕು.

ನಾವು ನಿಂತಿದ್ದ ಕಟ್ಟೆಗೂ ಒಂದು ಫಲಕವಿತ್ತು: ‘ಇಲ್ಲಿ ಕುಳಿತುಕೊಳ್ಳಬಾರದು.’ ಚಟದವನಲ್ಲವೇ, ಪೂರ್ತಿ ಓದಿದೆ. ಓದಿ, ಅದರ ಕೆಳಗೇ ಜಮಖಾನ ಹಾಸಿದೆ. ವೈನಿ ಬಡಿಸತೊಡಗಿದರು.