ಮಾವನ ಒಂದು ಬೆರಳು

ನಿನ್ನೆ ಸಂಜೆ ಅಟ್ಟದಿಂದ ಮಾವನ ಹಾರ್ಮೋನಿಯಂ ಇಳಿಸಿ ತಿದಿ ಎಳೆದೆ ನೋಡಿ, ಮುಗ್ಗಲು ವಾಸನೆಯ ಜೊತೆಗೆ ನನ್ನ ಹಳೆಯ ಸಿಟ್ಟೂ ಭುಸ್ಸೆಂದು ಹೊರಬಂತು. ಸತ್ತವರ ಮೇಲೆಂಥ ಸಿಟ್ಟು ಅನ್ನುತ್ತೀರಿ. ನೀವು ನನ್ನ ಸೋದರಮಾವನನ್ನು ಕಂಡಿಲ್ಲ, ಬಿಡಿ.

ಐವತ್ತರ ದಶಕದಲ್ಲಿ ಹರದನಹಳ್ಳಿಯ ಈ ಹಾರ್ಮೋನಿಯಂ ಮೇಷ್ಟ್ರಿಲ್ಲದೆ ಸುತ್ತಮುತ್ತ ನಾಟಕವೇ ಏಳುತ್ತಿರಲಿಲ್ಲ. ಸಂತೆಮರಹಳ್ಳಿಯವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅಂಥ ಮನುಷ್ಯ ಯಾರೋ ಸ್ವಾಮಿಗಳಿಂದ ದೀಕ್ಷೆ ಪಡೆದು, ಶಿವನಲ್ಲದೆ ಬೇರೆ ದೇವರಿಗೆ ನುಡಿಸುವುದಿಲ್ಲವೆಂದು ಶಪಥ ಮಾಡಿಬಿಟ್ಟ. ಊರೂರಲ್ಲಿ ಆಡುತ್ತಿದ್ದದ್ದೋ ಮಹಾಭಾರತ! ಕೃಷ್ಣ ರಂಗಕ್ಕೆ ಬಂದನೋ, ಮಾವನ ಎರಡೂ ಕೈ ಮಡಿಲಿಗೆ. ದುರ್ಯೋಧನನಿಗೆ ಸಂಗೀತವುಂಟು, ಕೃಷ್ಣನಿಗಿಲ್ಲ. ಜನ ಮೊದಲು ನಕ್ಕರು, ಆಮೇಲೆ ಬೈದರು, ಕೊನೆಗೆ ಕರೆಯುವುದನ್ನೇ ಬಿಟ್ಟರು. ಶಿವಭಕ್ತರು ಮಾತ್ರ ಹಬ್ಬಕ್ಕೊಮ್ಮೆ ಭಜನೆಗೆ ಕರೆದು ಕೊಂಡಾಡುತ್ತಿದ್ದರು.

ಅವನ ಹೆಂಡತಿ, ನನ್ನ ಅತ್ತೆ, ತಲೆ ಚಚ್ಚಿಕೊಂಡಳು. "ಶಿವ ಬಂದು ನಿಮ್ಮನ್ನ ಕೇಳುದ್ನಾ?"

"ಮಾತು ಕೊಟ್ಬುಟ್ಟಿವ್ನಿ ಕಣಮ್ಮಿ."

ಅಂತೂ ಗುಂಡ್ಲುಪೇಟೆಯಿಂದ ಕರೆ ಬಂತು. ಕೃಷ್ಣನಿಗೆ ಹಾಡೇ ಇಡುವುದಿಲ್ಲವೆಂದು ಒಪ್ಪಿಕೊಂಡಿದ್ದರು. ಇದೊಂದು ಚೆನ್ನಾಗಿ ನಡೆದರೆ ಗಂಡನನ್ನು ಮತ್ತೆ ಎಲ್ಲರೂ ಕರೆಯುತ್ತಾರೆಂಬ ಆಸೆಯಲ್ಲಿ ಅತ್ತೆ, ಅವರ ಮನೆಯಲ್ಲೇ ಬೆಳೆಯುತ್ತಿದ್ದ ನನ್ನನ್ನೂ ಬಸ್ಸು ಹತ್ತಿಸಿದಳು. ಆದರೆ ಕೃಷ್ಣನ ಪಾತ್ರ ಬೆಲ್ಲದ ಮಂಡಿ ಸಾಹುಕಾರರದು. ಕಿರೀಟ ತಲೆಗೇರಿದ ಮೇಲೆ ಹಾಡದೆ ಇರುತ್ತಾರೆಯೇ? ಎತ್ತಿಯೇಬಿಟ್ಟರು. ಅಯ್ಯೋ ಆ ಅಪಶ್ರುತಿಯೇ! ಜನ ಶಿಳ್ಳೆ ಹೊಡೆದರು. ಮಾವನ ಮುಖ ಹಲ್ಲುನೋವು ಬಂದವರಂತೆ ಕಿವುಚಿಕೊಂಡಿತು. ಸ್ವಲ್ಪ ಹೊತ್ತು ಸಹಿಸಿದ. ಆಮೇಲೆ ಎಡಗೈ ತಿದಿಗೆ ಹೋಯಿತು, ಬಲಗೈಯ ಒಂದೇ ಒಂದು ಬೆರಳು ಶ್ರುತಿ ಹಿಡಿಸುವ ಷಡ್ಜದ ಮೇಲೆ ಕೂತಿತು. ಹಾಡು ಮುಗಿಯುವ ತನಕ ಅಲುಗಲಿಲ್ಲ. ಸಾಹುಕಾರರು ಆ ಸ್ವರ ಹಿಡಿದುಕೊಂಡು ಹೇಗೋ ದಡ ಸೇರಿದರು.

ಕೆಳಗಿಳಿದವರೇ, "ಅರ್ಧಂಬರ್ಧ ನುಡ್ಸಿ ನನ್ ಮಾನ ಕಳುದ್ಬುಟ್ಟ" ಎಂದು ಕೂಗಾಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಅತ್ತಳು. "ಪೂರ್ತಿ ನುಡ್ಸಿದ್ರೆ ಜನ ಆದ್ರೂ ಉಳೀತಿದ್ರು, ಸುಮ್ಕಿದ್ದಿದ್ರೆ ಶಿವನಾದ್ರೂ ಉಳೀತಿದ್ದ. ಒಂದ್ ಬೆರಳಿಟ್ಟು ಎಲ್ಲಾ ಕಳ್ಕಂಡ್ರಲ್ಲಾ!"

"ಶ್ರುತಿ ತಪ್ಪೋಗಿತ್ತು ಕಣಮ್ಮಿ, ಏನ್ ಮಾಡನ?" ಅಂದ. ಅಷ್ಟೇ!

ಸುದ್ದಿ ಊರಿಗೆ ಮುಟ್ಟಿತು. ವ್ರತ ಕೆಡಿಸಿಕೊಂಡವನೆಂದು ಶಿವಭಕ್ತರೂ ಭಜನೆಗೆ ಕರೆಯುವುದನ್ನು ಬಿಟ್ಟರು. ಮಾವ ಮತ್ತೆಂದೂ ನಾಲ್ಕು ಜನರ ಎದುರು ನುಡಿಸಲಿಲ್ಲ. ಅದನ್ನು ಕಂಡು ರೋಸಿಹೋಗಿ ನಾನೂ ಒಂದು ಶಪಥ ಮಾಡಿದೆ: ಯಾವ ದೇವರ ಭಜನೆಯ ತಂಟೆಗೂ ಹೋಗುವುದಿಲ್ಲ. ಇಷ್ಟು ವರ್ಷ ನಡೆಸಿಕೊಂಡೂ ಬಂದೆ.

ನಿನ್ನೆ ಪೆಟ್ಟಿಗೆಯ ಧೂಳು ಒರೆಸುತ್ತಿದ್ದಾಗ ಪಕ್ಕದ ಮನೆಯಾಕೆ ದೇವರ ಮುಂದೆ ಕೂತು ಹಾಡಲು ಶುರುಮಾಡಿದರು. ಕೃಷ್ಣನ ಮೇಲೆಯೇ. ಶ್ರುತಿಯೋ, ದೇವರೇ ಗತಿ! ಕಿಟಕಿ ಮುಚ್ಚಿದೆ. ಕಿವಿಗೆ ಸೆರಗು ಒತ್ತಿಕೊಂಡೆ. ಕೊನೆಗೆ ನೋಡಿದರೆ ನನ್ನ ಬೆರಳು ಷಡ್ಜದ ಮೇಲಿತ್ತು. ಗೋಡೆಯಾಚೆ ಹಾಡು ಗಕ್ಕನೆ ನಿಂತಿತು, ಮತ್ತೆ ಸ್ವರಕ್ಕೆ ಸರಿಯಾಗಿ ಎದ್ದಿತು. ಮಂಗಳಾರತಿಯಾಗುವ ತನಕ ನಾನು ಬೆರಳು ಎತ್ತಲಿಲ್ಲ.