ಸಾಯದ ಮೇಜರ್ ಅಂಗಿ

ನಮ್ಮ ಆಫೀಸಿನ ವಾರ್ಷಿಕೋತ್ಸವಕ್ಕೆ ಯುದ್ಧದ ನಾಟಕ. ನಾನು ಕ್ಯಾಪ್ಟನ್, ಎಲ್ಲರ ಬಟ್ಟೆ ತರುವ ಹೊಣೆಯೂ ನನ್ನದೇ. ಸಹೋದ್ಯೋಗಿಗಳಾದ ನಾಗೇಶ, ಮಹದೇವು ಮೊದಲ ದೃಶ್ಯದಲ್ಲೇ ಸಾಯುವ ಲೆಫ್ಟಿನೆಂಟುಗಳು. ನಾಟಕ ನೋಡಲು ಹಿನಕಲ್‌ನಿಂದ ಇಬ್ಬರ ಅತ್ತೆಯರೂ ಬರುವವರಿದ್ದರು. "ನಮ್ಮನ್ನ ಮೇಜರ್ ಮಾಡ್ಸು ಕಣೋ" ಅಂತ ಇಬ್ಬರೂ ದುಂಬಾಲು ಬಿದ್ದರು.

ಮಂಡಿ ಮೊಹಲ್ಲಾದಲ್ಲಿ ನಾಟಕದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಗೆ ಹೋಗಿ ಎರಡು ಮೇಜರ್ ಅಂಗಿ ಕೇಳಿದೆ. ಮಾಲೀಕರು ಕನ್ನಡಕದ ಮೇಲಿಂದ ನೋಡಿದರು.

"ಹಾಕ್ಕೊಳ್ಳೋರು ನಾಟಕದಲ್ಲಿ ಸಾಯ್ತಾರಾ?"

"ಮೊದಲ್ನೇ ಸೀನಲ್ಲೇ."

"ಹಂಗಾದ್ರೆ ಆಗಲ್ಲ ಕಣ್ರೀ. ರಕ್ತ ಅಂತ ಕುಂಕುಮದ ನೀರು ಹುಯ್ಕೊಂಡು ಬಿದ್ಬುಡ್ತಾರೆ, ಕಲೆ ಹೋಗಲ್ಲ. ಸಾಯೋರಿಗೆಲ್ಲ ಹಳೇ ಲೆಫ್ಟಿನೆಂಟ್ ಅಂಗಿ. ನಮ್ಮಂಗಡೀಲಿ ಇದುವರ್ಗೂ ಒಬ್ಬ ಮೇಜರೂ ಸತ್ತಿಲ್ಲ."

"ಇಬ್ರೂ ಭಾರಿ ಧೈರ್ಯವಂತರು" ಎಂದು ಶಿಫಾರಸು ಮಾಡಿದೆ.

"ಬದುಕಿಸ್ಕೊಂಡು ಬನ್ನಿ, ಕೊಡ್ತೀನಿ."

ಅಲ್ಲಿಂದಲೇ ನಿರ್ದೇಶಕರಿಗೆ ಫೋನ್ ಮಾಡಿ ಗೋಗರೆದೆ. ಅವರು ಇಬ್ಬರನ್ನೂ ಬದುಕಿಸಿದರು. "ಆದ್ರೆ ಯುದ್ಧ ಅಂದ್ಮೇಲೆ ಯಾರಾದ್ರೂ ಸಾಯ್ಬೇಕಲ್ಲ, ನೀವೇ ಸತ್ಬುಡಿ" ಅಂದರು.

ನಾಟಕದ ದಿನ ಕಲೆಯಾದ ಲೆಫ್ಟಿನೆಂಟ್ ಅಂಗಿ ತೊಟ್ಟು ಮೊದಲ ಗುಂಡಿಗೇ ಬಿದ್ದೆ. ಇಬ್ಬರು ಮೇಜರುಗಳೂ ಬಂದು ನನ್ನನ್ನು ಎತ್ತಿಕೊಂಡರು. ಮುಂದಿನ ಸಾಲಿನಲ್ಲಿ ಅತ್ತೆಯರು ಕಣ್ಣೊರೆಸಿಕೊಂಡರು. ನಾಗೇಶ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ನನ್ ಭುಜ ಹಿಡ್ಕೋಬೇಡ ಕಣೋ, ಬ್ಯಾಡ್ಜ್ ಕಿತ್ಕೊಂಡ್ ಬರುತ್ತೆ."